ಹೃದಯದ ಉಪ್ಪಿನ ಋಣ

ಉಪ್ಪಿನ ಋಣದ ಮಾತು ನಮ್ಮಲ್ಲಿ ಹಳೆಯದು. ಹೃದಯಕ್ಕೂ ಆ ಋಣವುಂಟೆಂದು ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ಕಪ್ಪೆಯ ಹೃದಯವನ್ನು ಹೊರತೆಗೆದು ಆತ ಉಪ್ಪುನೀರಿನಲ್ಲಿ ಮಿಡಿಯುವಂತೆ ಮಾಡಿದ್ದ. ಅದು ಭಟ್ಟಿಯಿಳಿಸಿದ ನೀರೆಂದು ಅವನ ನಂಬಿಕೆ. ನಿಜದಲ್ಲಿ ನಲ್ಲಿಯ ನೀರು. ಭಟ್ಟಿಯಿಳಿಸಿದ ನೀರನ್ನೇ ಬಳಸಿದಾಗ ಹೃದಯ ಬೇಗ ಸೋತಿತು. ನಲ್ಲಿಯ ನೀರಿನ ಕ್ಯಾಲ್ಸಿಯಮ್ಮೇ ಮಿಡಿತವನ್ನು ಕಾಪಾಡಿತ್ತೆಂದು 1883ರಲ್ಲಿ ಆತ ಪ್ರಕಟಿಸಿದ.

ಕ್ಯಾಲ್ಸಿಯಂ ಸ್ನಾಯುವನ್ನು ಬಿಗಿಗೊಳಿಸಿದರೆ, ಮೆಗ್ನೀಸಿಯಂ ಆ ಬಿಗಿತಕ್ಕೆ ಕಡಿವಾಣ. ಆದರೆ ಇದು ಅವಿತಿರುವ ಲವಣ. ದೇಹದ ಒಟ್ಟು ಮೆಗ್ನೀಸಿಯಮ್ಮಿನಲ್ಲಿ ರಕ್ತದ ತಿಳಿಯಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಬಹುಭಾಗ ಮೂಳೆಗಳಲ್ಲಿ, ಜೀವಕೋಶಗಳ ಒಳಗೆ. ಕೆಂಪು ರಕ್ತಕಣದೊಳಗಿನ ಸಾಂದ್ರತೆ ತಿಳಿಯದಕ್ಕಿಂತ ಸುಮಾರು ಮೂರು ಪಟ್ಟು. ತಿಳಿಯನ್ನಷ್ಟೇ ಪರೀಕ್ಷಿಸುವುದೆಂದರೆ ಜಗಲಿಯಲ್ಲಿ ಕುಳಿತು ಕಣಜವನ್ನು ಅಳೆದಂತೆ. ಸಂಶೋಧಕರು ರಕ್ತಕಣಗಳತ್ತ ತಿರುಗಿದ್ದು ಇದಕ್ಕಾಗಿಯೇ. ಆದರೆ ರಕ್ತಕಣದ ಲೆಕ್ಕ ಹೃದಯಸ್ನಾಯುವಿನ ಲೆಕ್ಕವನ್ನು ಕರಾರುವಾಕ್ಕಾಗಿ ಹೇಳಲಾರದು.

ಮೆಗ್ನೀಸಿಯಂ ಕಡಿಮೆಯಾದರೆ ಹೃದಯದ ಲಯ ಕೆಡುವುದುಂಟು. ಹಾಗಾದರೆ ಹೃದಯಾಘಾತವಾದವರಿಗೆಲ್ಲ ಅದನ್ನು ರಕ್ತನಾಳದ ಮೂಲಕ ಕೊಟ್ಟರೆ ಹೆಚ್ಚು ಮಂದಿ ಉಳಿದಾರೆ? 1991ರಲ್ಲಿ ಏಳು ಚಿಕ್ಕ ಪ್ರಯೋಗಗಳ 1,301 ರೋಗಿಗಳ ಫಲವನ್ನು ಒಟ್ಟುಗೂಡಿಸಿದಾಗ ಉಳಿದಾರೆಂದೇ ತೋರಿತು. 1992ರಲ್ಲಿ ಇಂಗ್ಲೆಂಡಿನ ಲೀಸ್ಟರಿನಲ್ಲಿ 2,316 ಮಂದಿಯ ಪರೀಕ್ಷೆಯ ವರದಿ ಬಂತು. ಇಪ್ಪತ್ತೆಂಟು ದಿನಗಳಲ್ಲಿ ತೀರಿಕೊಂಡವರು, ಲವಣ ಪಡೆದವರಲ್ಲಿ ಶೇಕಡಾ 7.8, ಪಡೆಯದವರಲ್ಲಿ 10.3. ವೈದ್ಯರಿಗೆ ಸಂತೋಷವಾದದ್ದು ಸಹಜವೇ. ಅಗ್ಗದ ಲವಣ, ಕೊಡುವುದೂ ಸುಲಭ.

ಆದರೆ 1995ರಲ್ಲಿ ಹಲವು ದೇಶಗಳ 58,050 ರೋಗಿಗಳ ಲೆಕ್ಕ ಬಂತು. ಲವಣ ಪಡೆದವರಲ್ಲಿ ಸಾವು ಶೇಕಡಾ 7.64, ಪಡೆಯದವರಲ್ಲಿ 7.24. ಉಪಕಾರದ ಸುಳಿವೇ ಇಲ್ಲ! ಕೊಡುವಾಗ ತಡವಾಯಿತೆಂದು ಕೆಲವರು ವಾದಿಸಿದರು. ಸರಿ, ಬೇಗನೆ ಕೊಟ್ಟೇ ನೋಡೋಣವೆಂದು 6,213 ಮಂದಿಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. 2002ರಲ್ಲಿ ಅದರ ಫಲ ಹೊರಬಂತು: 15.3, 15.2. ಎರಡು ಗುಂಪೂ ಸರಿಸಮ.

ಕೊರತೆಯಿದ್ದವರಿಗೆ, ಕೆಲವು ಬಗೆಯ ಲಯದೋಷಕ್ಕೆ ಮೆಗ್ನೀಸಿಯಂ ಇಂದಿಗೂ ಮದ್ದೇ. ಹೃದಯಾಘಾತವಾದವರಿಗೆಲ್ಲ ಕೊಡತಕ್ಕ ಮದ್ದು ಮಾತ್ರ ಅಲ್ಲ.

ನಾನು ಕನ್ನಡ ಪಾಠ ಹೇಳುವವನು. ಒಂದು ಚೆಲುವಾದ ಕಲ್ಪನೆಗೆ ಮನಸೋಲುವುದು ನಮ್ಮ ಕಸುಬಿನಲ್ಲಿ ತಪ್ಪಲ್ಲ. ಅದರಿಂದ ಯಾರ ಪ್ರಾಣವೂ ಹೋಗದು. ವೈದ್ಯನಿಗೆ ಆ ಸಲಿಗೆಯಿಲ್ಲ. ತನಗೆ ಪ್ರಿಯವಾದ ಆಸೆಯನ್ನೂ ಆತ ಮತ್ತೆ ಮತ್ತೆ ಎಣಿಸಿ ನೋಡಬೇಕು. ಈ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಎಣಿಕೆಯೇ. ಅದಕ್ಕೆ ಒಪ್ಪಿ ತಮ್ಮ ಸಂಕಟದ ಗಳಿಗೆಯನ್ನೂ ಲೆಕ್ಕಕ್ಕೆ ಕೊಟ್ಟ ಸಾವಿರಾರು ರೋಗಿಗಳ ಋಣವನ್ನೂ ನಾವು ಮರೆಯಬಾರದು.