ಪಂಚ್ ಬೋಗುಣಿಯಲ್ಲಿ ಐದಿತ್ತಾ, ನಾಲ್ಕಿತ್ತಾ?

1/6

ನಿಮಗೂ ಆ ರೀಲ್ ಬಂದಿರುತ್ತೆ. ಪಂಚ್ ಅನ್ನೋ ಇಂಗ್ಲಿಷ್ ಪದ ನಮ್ಮ ಸಂಸ್ಕೃತದ 'ಪಂಚ'ದಿಂದ ಬಂತು, ಐದು ಪದಾರ್ಥ ಬೆರೆಸೋದರಿಂದ ಆ ಹೆಸರು, ಜಗತ್ತಿನ ಕಾಕ್‌ಟೇಲ್‌ಗಳಿಗೆಲ್ಲ ಮೂಲಪುರುಷ ನಮ್ಮ ನೆಲದವನೇ ಅಂತ. ಹಿಂದೆ ವೀಣೆ, ಕೊನೆಗೆ ಧ್ವಜ. ನಾನೂ ಎರಡು ವರ್ಷದ ಹಿಂದೆ ಇದೇ ಪುಟದಲ್ಲಿ ಹೆಚ್ಚುಕಮ್ಮಿ ಅದನ್ನೇ ಬರೆದಿದ್ದೆ. ತುಂಬಾ ಜನ ಶೇರ್ ಮಾಡಿದ್ರಿ, ಖುಷಿಯಾಗಿತ್ತು. ಇವತ್ತಿನ ಕಂತು ಆ ಬರಹದ ತಿದ್ದುಪಡಿ ಅಂತಲೇ ಓದಿ.

ಪೂರ್ತಿ ಸುಳ್ಳು ಬರೆದಿದ್ದೆ ಅಂತಲ್ಲ. ಪಂಚ್ ಬಗ್ಗೆ ಸಿಗೋ ಅತಿ ಹಳೆಯ ಬರಹದ ಸಾಕ್ಷಿ ಭಾರತದ ಕರಾವಳಿಯದ್ದೇ. ಅದರಲ್ಲಿ ಅನುಮಾನ ಇಲ್ಲ. ಅನುಮಾನ ಇರೋದು ಆ 'ಐದು' ಅನ್ನೋದರ ಬಗ್ಗೆ. ಹಳೆಯ ಬರಹಗಳಲ್ಲಿ ಪದಾರ್ಥ ಎಣಿಸ್ತಾ ಹೋದ್ರೆ ನನಗೆ ಸಿಕ್ಕಿದ್ದು ನಾಲ್ಕು, ಮತ್ತೆ ನಾಲ್ಕು.

ಸೇವ್ ಮಾಡ್ಕೊಳ್ಳಿ, ಕೊನೇ ಸ್ಲೈಡಲ್ಲಿ ಮನೆಯಲ್ಲಿ ಮಾಡೋ ವಿಧಾನ ಇದೆ. (21 ದಾಟಿದವರಿಗೆ ಮಾತ್ರ. ಉಳಿದವರಿಗೂ ಒಂದು ಪಾನೀಯ ಇದೆ, ಬೇಜಾರಾಗಬೇಡಿ.)

2/6

1632ರ ಸೆಪ್ಟೆಂಬರ್. ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಆಡಮ್ಸ್ ಅನ್ನೋನು ಪೇಟಪೊಲಿಯಲ್ಲಿದ್ದ ತನ್ನ ಸಹೋದ್ಯೋಗಿಗೆ ಒಂದು ಕಾಗದ ಬರೀತಾನೆ. ಪೇಟಪೊಲಿ ಅಂದ್ರೆ ಇವತ್ತಿನ ಆಂಧ್ರದ ನಿಜಾಂಪಟ್ನಂ. ಮನೆ ಚೆನ್ನಾಗಿ ನಡೆಸ್ಕೊಂಡು ಹೋಗಿ ಅನ್ನೋ ಹಾರೈಕೆಯ ಜೊತೆಗೇ ಅದರಲ್ಲಿ ಪಂಚ್ ಹೆಸರು ಬರುತ್ತೆ. ಏನದು ಪಂಚ್ ಅಂತ ವಿವರಿಸೋದಿಲ್ಲ. ಅಂದ್ರೆ ಅಷ್ಟೊತ್ತಿಗಾಗಲೇ ಇಬ್ಬರಿಗೂ ಗೊತ್ತಿದ್ದ ವಸ್ತು ಅದು.

ಇಲ್ಲಿ 'ಮನೆ' ಅನ್ನೋ ಮಾತು ಗಮನಿಸಿ. ಕಂಪನಿಯವರು 'ಫ್ಯಾಕ್ಟರಿ' ಅಂತ ಕರೀತಿದ್ದದ್ದು ಕಾರ್ಖಾನೆಯನ್ನಲ್ಲ. ಗೋದಾಮು, ಲೆಕ್ಕದ ಕೋಣೆ, ವಾಸದ ಮನೆ ಎಲ್ಲ ಒಂದೇ ಕಡೆ ಇದ್ದ ಕೋಠಿಯನ್ನ. ಮದುವೆಯಾಗದ ಹುಡುಗರು, ಒಂದೇ ಮೇಜಿನಲ್ಲಿ ಊಟ, ರಾತ್ರಿ ಬಾಗಿಲು ಹಾಕಿದ ಮೇಲೆ ಹೊರಗೆ ಹೋಗೋ ಹಾಗಿಲ್ಲ. ನಮ್ಮ ಬೆಂಗಳೂರಿನ ಪಿಜಿ ಥರ ಅಂದ್ಕೊಳ್ಳಿ, ವಾರ್ಡನ್ ಸಮೇತ. ಪಂಚ್ ಬೆಳೆದದ್ದು ಬಾರಿನಲ್ಲಲ್ಲ, ಇಂಥ ಮನೆಗಳಲ್ಲಿ ಮತ್ತು ಹಡಗುಗಳಲ್ಲಿ. ನಡುವೆ ಒಂದು ಬೋಗುಣಿ, ಸುತ್ತ ಕೂತವರು.

ಬೆರೆಸೋ ಗರಜು ಯಾಕೆ ಬಂತು? ಇಂಗ್ಲೆಂಡಿನಿಂದ ತಂದ ಬಿಯರ್ ತಿಂಗಳುಗಟ್ಟಲೆ ಸಮುದ್ರದ ಬಿಸಿಲಲ್ಲಿ ಹುಳಿಯಾಗಿಬಿಡ್ತಿತ್ತು. ವೈನೂ ಕೆಡ್ತಿತ್ತು. ಇಲ್ಲಿ ಸಿಗ್ತಿದ್ದದ್ದು ಅರಾಕ್. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ಸೇಂದಿಯಿಂದ, ಬಂಗಾಳದ ಕಡೆ ಬೆಲ್ಲದಿಂದ ಭಟ್ಟಿ ಇಳಿಸಿದ್ದು. ಅದರ ಘಾಟು ಬಿಯರ್ ಕುಡಿದು ಬೆಳೆದ ನಾಲಿಗೆಗೆ ಜಾಸ್ತಿಯಾಯ್ತು. ಆದರೆ ಅದೇ ಸಂತೆಯಲ್ಲಿ ನಿಂಬೆಹಣ್ಣು ಇತ್ತು, ಸಕ್ಕರೆ ಇತ್ತು. ಇವೆರಡೂ ಅವರ ಊರಲ್ಲಿ ದುಬಾರಿ, ಇಲ್ಲಿ ಅಗ್ಗ.

1638ರಲ್ಲಿ ಮ್ಯಾಂಡೆಲ್ಸ್ಲೋ ಅನ್ನೋ ಜರ್ಮನ್ ಪ್ರವಾಸಿ ಸೂರತ್ತಿಗೆ ಬರ್ತಾನೆ. ಅಲ್ಲಿನ ಇಂಗ್ಲಿಷರು ಕುಡಿಯೋ 'ಪಾಲೆಪುಂಟ್ಸ್' ಬಗ್ಗೆ ಬರೀತಾನೆ: ಮದ್ಯ, ಪನ್ನೀರು, ನಿಂಬೆರಸ, ಸಕ್ಕರೆ. ಎಣಿಸಿ. ನಾಲ್ಕು. ಪನ್ನೀರು ಓದಿದಾಗ ನನಗೆ ಮದುವೆಮನೆ ನೆನಪಾಯ್ತು, ಒಳ್ಳೇ ಯೋಚನೆ ಅನ್ನಿಸ್ತು.

1660ರ ದಶಕದಲ್ಲಿ ಫ್ರೆಂಚ್ ವೈದ್ಯ ಬರ್ನಿಯರ್ ಬಂಗಾಳದ ಬಗ್ಗೆ ಬರೀತಾ 'ಬೂಲ್‌ಪಾಂಜ್' ಅನ್ನೋದರ ವಿವರ ಕೊಡ್ತಾನೆ: ಬೆಲ್ಲದ ಅರಾಕ್, ನಿಂಬೆರಸ, ನೀರು, ಚೂರು ಜಾಯಿಕಾಯಿ. ಮತ್ತೆ ನಾಲ್ಕು. ಅದೂ ಬೇರೆ ನಾಲ್ಕು!

ಪಾಲೆಪುಂಟ್ಸ್, ಬೂಲ್‌ಪಾಂಜ್ ಎರಡೂ ಒಂದೇ ಮಾತು, ಎರಡು ಕಿವಿಯಲ್ಲಿ. ಇಂಗ್ಲಿಷಿನವನು 'ಬೌಲ್ ಆಫ್ ಪಂಚ್' ಅಂದಿದ್ದು ಜರ್ಮನ್ನಿಗೆ ಹಾಗೆ ಕೇಳಿಸ್ತು, ಫ್ರೆಂಚಿನವನಿಗೆ ಹೀಗೆ ಕೇಳಿಸ್ತು.

3/6

ಹಾಗಾದ್ರೆ 'ಐದು' ಎಲ್ಲಿಂದ ಬಂತು? ಜಾನ್ ಫ್ರೈಯರ್ ಅನ್ನೋ ಕಂಪನಿಯ ವೈದ್ಯನಿಂದ. 1670ರ ದಶಕದಲ್ಲಿ ಇಲ್ಲಿ ಓಡಾಡಿದವನು. ನಮ್ಮ ಕಾರವಾರಕ್ಕೆ, ಗೋಕರ್ಣಕ್ಕೂ ಬಂದಿದ್ದ. ಅವನ ಪುಸ್ತಕ ಅಚ್ಚಾಗಿದ್ದು 1698ರಲ್ಲಿ. ಗೋವಾದ ನೇರೂಲ್‌ನಲ್ಲಿ ಒಳ್ಳೇ ಅರಾಕ್ ಆಗುತ್ತೆ, ಅದರಿಂದ ಇಂಗ್ಲಿಷರು 'ಪಾಂಚ್' ಅನ್ನೋ ನಿಶ್ಶಕ್ತಿ ತರೋ ಪಾನೀಯ ಮಾಡ್ಕೊಳ್ತಾರೆ, ಹಿಂದೂಸ್ತಾನಿಯಲ್ಲಿ ಪಾಂಚ್ ಅಂದ್ರೆ ಐದು, ಐದು ಪದಾರ್ಥ ಇರೋದರಿಂದ ಆ ಹೆಸರು ಅಂತಾನೆ. ಇವತ್ತಿನ ರೀಲ್‌ಗಳೆಲ್ಲ ಕೊನೆಗೆ ಹೋಗಿ ನಿಲ್ಲೋದು ಈ ಒಂದು ವಾಕ್ಯದ ಮೇಲೆ. ಎರಡು ವರ್ಷದ ಹಿಂದೆ ನಾನೂ ಅಲ್ಲೇ ನಿಂತಿದ್ದೆ.

ತೊಂದರೆ ಏನಂದ್ರೆ, ಹೆಸರು ಕಾಗದದಲ್ಲಿ ಬಂದು ಆಗಲೇ ನಲವತ್ತು ವರ್ಷ ಆಗಿತ್ತು. ಬಳಕೆಯಲ್ಲಿದ್ದ ಪದಕ್ಕೆ ಆಮೇಲೆ ಬಂದವರು ಕೊಡೋ ವಿವರಣೆ ಎಷ್ಟು ನಂಬಬಹುದು? ನಮ್ಮೂರುಗಳ ಹೆಸರಿನ ಕಥೆ ನೆನಪಿಸ್ಕೊಳ್ಳಿ. ಬೆಂದ ಕಾಳು ತಿಂದಿದ್ದಕ್ಕೆ ಬೆಂದಕಾಳೂರು, ಅದೇ ಬೆಂಗಳೂರು ಅಂತ ವೀರಬಲ್ಲಾಳನ ಕಥೆ ಹೇಳ್ತೀವಿ. ಬೇಗೂರಿನ ಶಾಸನದಲ್ಲಿ 'ಬೆಂಗಳೂರು' ಅನ್ನೋ ಹೆಸರು ಅವನಿಗಿಂತ ಮುನ್ನೂರು ವರ್ಷ ಮೊದಲೇ ಇದೆ. ಕಥೆ ಚೆನ್ನಾಗಿದೆ ಅನ್ನೋದೇ ಅದು ನಿಜ ಅನ್ನೋಕೆ ಆಧಾರ ಆಗಲ್ಲ.

ಇನ್ನೊಂದು ತಕರಾರು ಉಚ್ಚಾರಣೆಯದ್ದು. ಆ ಕಾಲದ ಇಂಗ್ಲಿಷಿನಲ್ಲಿ ಆ ಪದ ಇವತ್ತಿನ 'ಪಂಚ್' ಥರ ಅಲ್ಲ, 'ಪುಂಚ್'ಗೆ ಹತ್ತಿರ ಇತ್ತು ಅಂತ ಭಾಷಾ ಪಂಡಿತರು ಹೇಳ್ತಾರೆ. ಮ್ಯಾಂಡೆಲ್ಸ್ಲೋ ಕಿವಿಗೆ ಬಿದ್ದಿದ್ದೂ 'ಪುಂಟ್ಸ್' ಅಂತಲೇ ಅಲ್ವಾ. ಹಾಗಾಗಿ ಕೆಲವರು, ಇದು ಹಡಗಿನ ಪೀಪಾಯಿಗೆ ಇಂಗ್ಲಿಷಲ್ಲಿದ್ದ 'ಪಂಚನ್' ಅನ್ನೋ ಹೆಸರನ್ನ ಮೊಟಕು ಮಾಡಿದ್ದು ಅಂತಾರೆ. ನನಗೆ ಅದೂ ಪೂರ್ತಿ ಒಪ್ಪಿಗೆ ಇಲ್ಲ. ಪೀಪಾಯಿಯಲ್ಲಿ ಯಾರೂ ಪಂಚ್ ಕಲಸಿದ್ದು ಈ ಹಳೆಯ ಬರಹಗಳಲ್ಲಿಲ್ಲ, ಎಲ್ಲ ಕಡೆ ಇರೋದು ಬೋಗುಣಿ.

ನನ್ನ ಅಂದಾಜು ಕೇಳಿದ್ರೆ: 'ಪಂಚ'ದಿಂದ ಬಂದಿರಬಹುದು, ಅಷ್ಟೇ. ಹೆಸರು ನಮ್ಮದೋ ಅಲ್ಲವೋ, ಬೋಗುಣಿ ಒಳಗಿದ್ದ ಅರಾಕ್, ನಿಂಬೆ, ಸಕ್ಕರೆ ಅಂತೂ ಈ ನೆಲದ್ದು. ಅದನ್ನ ಇಳಿಸಿದ, ಹಿಂಡಿದ, ಮೇಜಿಗೆ ತಂದಿಟ್ಟ ಇಲ್ಲಿನವರ ಹೆಸರನ್ನ ಆಡಮ್ಸನೂ ಬರೀಲಿಲ್ಲ, ಫ್ರೈಯರನೂ ಬರೀಲಿಲ್ಲ. ಹೆಮ್ಮೆ ಪಡೋದೇ ಆದ್ರೆ ವ್ಯಾಕರಣ ಬಿಟ್ಟು ಇವರ ಬಗ್ಗೆ ಪಡಬಹುದಿತ್ತು ಅಂತ ಈಗ ಅನ್ಸುತ್ತೆ.

4/6

ಜಾಯಿಕಾಯಿ ಮಾತ್ರ ಇಲ್ಲಿಯದಲ್ಲ. ಇವತ್ತು ಶಿರಸಿ ಕಡೆ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೀತಾರೆ, ಸರಿ. ಆದರೆ ಬರ್ನಿಯರ್ ಕಾಲದಲ್ಲಿ ಅದು ಬರ್ತಿದ್ದದ್ದು ಈಗಿನ ಇಂಡೋನೇಷ್ಯಾದ ಬಾಂದಾ ಅನ್ನೋ ಚಿಕ್ಕ ದ್ವೀಪಗಳಿಂದ. 1621ರಲ್ಲಿ ಡಚ್ ಕಂಪನಿ ಅವನ್ನ ವಶ ಮಾಡ್ಕೊಂಡಾಗ ಅಲ್ಲಿನ ಬಹುಪಾಲು ಜನ ಸತ್ತರು, ಓಡಿಹೋದರು, ಇಲ್ಲವೇ ಗುಲಾಮರಾದರು. ಪಂಚ್ ಮೇಲೆ ಚಿಟಿಕೆ ಜಾಯಿಕಾಯಿ ತುರಿಯೋದು ಅಂತ ಪಾಕವಿಧಾನಗಳಲ್ಲಿ ಅರ್ಧ ಸಾಲಲ್ಲಿ ಮುಗಿಸ್ತೀವಿ. ಅದರ ಹಿಂದೆ ಇಷ್ಟಿದೆ.

ಕುಡಿದವರೂ ಸುಖವಾಗಿರಲಿಲ್ಲ. ಬಂಗಾಳದಲ್ಲಿ ಯುರೋಪಿನವರು ಹುಳದ ಹಾಗೆ ಸಾಯ್ತಿದ್ರು, ಇಂಗ್ಲಿಷರು ಡಚ್ಚರು ತಮ್ಮ ಹಡಗಿನವರ ಕುಡಿತಕ್ಕೆ ಕಡಿವಾಣ ಹಾಕಿದ ಮೇಲೆ ಸಾವು ಕಡಿಮೆ ಆಯ್ತು ಅನ್ನೋ ಅರ್ಥದ ಮಾತು ಬರ್ನಿಯರ್‌ನಲ್ಲಿದೆ. ಬೂಲ್‌ಪಾಂಜ್ ನಾಲಿಗೆಗೆ ಹಿತ, ಮೈಗೆ ಅಹಿತ ಅನ್ನೋದು ಆ ವೈದ್ಯನ ತೀರ್ಮಾನ. ಮಲೇರಿಯಾ, ಕಾಲರಾ, ಕೆಟ್ಟ ನೀರು ಎಲ್ಲ ಇದ್ದ ಕಾಲ, ಪೂರ್ತಿ ತಪ್ಪನ್ನ ಬೋಗುಣಿ ಮೇಲೆ ಹೊರಿಸೋಕಾಗಲ್ಲ. ಆದರೆ ಸಿಹಿ ಹುಳಿ ಸೇರಿಸಿ ಘಾಟು ಮುಚ್ಚಿದ್ರೆ ಎಷ್ಟು ಕುಡಿದೆವು ಅನ್ನೋ ಲೆಕ್ಕ ತಪ್ಪುತ್ತೆ. ಇದು ಮಾತ್ರ ಇವತ್ತಿಗೂ ಹಾಗೇ ಇದೆ.

5/6

ಮುಂದಿನದು ಬೇಗ ಹೇಳ್ತೀನಿ. ಹಡಗಿನವರ ಜೊತೆ ಪಂಚ್ ಲಂಡನ್ನಿಗೆ ಹೋಯ್ತು. 1731ರಲ್ಲಿ ಜೇಮ್ಸ್ ಆಶ್ಲಿ ಅನ್ನೋನು ಲಡ್‌ಗೇಟ್ ಹಿಲ್‌ನಲ್ಲಿ ಪಂಚ್ ಹೌಸ್ ತೆರೆದ. ಅದೇ ಸುಮಾರಿಗೆ ಹೋಗಾರ್ತ್ ಅನ್ನೋ ಕಲಾವಿದ ಒಂದು ಚಿತ್ರ ಬರೆದ: ನಡುವೆ ದೊಡ್ಡ ಬೋಗುಣಿ, ಸುತ್ತ ತೂರಾಡೋ ದೊಡ್ಡಮನುಷ್ಯರು. ಅಮೆರಿಕಾ ಕಡೆ ಅರಾಕ್ ಜಾಗಕ್ಕೆ ವೆಸ್ಟ್ ಇಂಡೀಸ್‌ನ ರಮ್ ಬಂತು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಅನ್ನೋ ಊರಿನ ಪತ್ರಿಕೆ 'ಕಾಕ್‌ಟೇಲ್' ಅಂದ್ರೆ ಏನು ಅಂತ ಬರೀತು: ಮದ್ಯ, ಸಕ್ಕರೆ, ನೀರು, ಬಿಟರ್ಸ್. (ಇದೂ ನಾಲ್ಕು, ನೋಡಿ.) 1862ರಲ್ಲಿ ಜೆರ್ರಿ ಥಾಮಸ್ ಅಮೆರಿಕಾದ ಮೊದಲ ಬಾರ್‌ಟೆಂಡರ್ ಕೈಪಿಡಿ ಅಚ್ಚು ಹಾಕಿಸಿದಾಗ ಅದರಲ್ಲಿ ಪಂಚ್‌ಗಳದ್ದೇ ದೊಡ್ಡ ಪಾಲು.

ಆಮೇಲೆ ಜನಕ್ಕೆ ಬೋಗುಣಿ ಸುತ್ತ ಕೂರೋ ಪುರುಸೊತ್ತು ಹೋಯ್ತು. ಒಬ್ಬೊಬ್ಬರಿಗೆ ಒಂದೊಂದು ಗ್ಲಾಸ್ ಬಂತು. ಹೋದ ಕಂತಿನಲ್ಲಿ ಮಾಡಿದ್ವಲ್ಲ ವಿಸ್ಕಿ ಸವರ್, ಅದಕ್ಕೂ ಹಿಂದಿನ ಕಂತಿನ ಡೈಕಿರಿ, ಎರಡೂ ಒಂದು ಗ್ಲಾಸಿಗೆ ಇಳಿಸಿದ ಪಂಚ್‌ಗಳೇ: ಹುಳಿ, ಸಿಹಿ, ಮದ್ಯ, ಕರಗಿದ ಐಸಿನ ನೀರು.

6/6

ಈಗ ಮಾಡೋಣ. ಎಂಟು ಜನಕ್ಕೆ.

ನಾಲ್ಕು ಹಳದಿ ನಿಂಬೆಹಣ್ಣು ತೊಳೆದು ಸಿಪ್ಪೆ ತೆಳ್ಳಗೆ ಹೆರೀರಿ. ಒಳಗಿನ ಬಿಳಿ ಬಂದ್ರೆ ಕಹಿ. ನಮ್ಮ ನಿಂಬೆಗೆ ಸಿಪ್ಪೆಯೇ ತೆಳು, ಪೀಲರ್ ಮೇಲೆ ಭಾರ ಹಾಕಬೇಡಿ. 100 ಗ್ರಾಂ ಸಕ್ಕರೆ ಜೊತೆ ಕುಟ್ಟಾಣಿಯಲ್ಲಿ ಹಾಕಿ ಜಜ್ಜಿ, ಮುಚ್ಚಿ ಎರಡು ಗಂಟೆ ಬಿಡಿ. ಸಿಪ್ಪೆಯ ಎಣ್ಣೆಯನ್ನ ಸಕ್ಕರೆ ಎಳ್ಕೊಂಡು ಒದ್ದೆ ಮರಳಿನ ಥರ ಆಗುತ್ತೆ. ಪಂಚ್‌ನ ಪರಿಮಳ ಪೂರ್ತಿ ಇಲ್ಲಿದೆ, ಈ ಎರಡು ಗಂಟೆ ತಪ್ಪಿಸಿದ್ರೆ ನಿಮಗೆ ಸಿಗೋದು ರಮ್ ಹಾಕಿದ ನಿಂಬೆ ಶರಬತ್ತು. ಆಮೇಲೆ 100 ಎಂ.ಎಲ್. ನಿಂಬೆರಸ ಹಾಕಿ ಸಕ್ಕರೆ ಕರಗಿಸಿ, ಸೋಸಿ. 300 ಎಂ.ಎಲ್. ಡಾರ್ಕ್ ರಮ್, 400 ಎಂ.ಎಲ್. ತಣ್ಣನೆ ನೀರು. ಹುಳಿ ಒಂದು ಭಾಗ, ಸಿಹಿ ಎರಡು, ಮದ್ಯ ಮೂರು, ನೀರು ನಾಲ್ಕು ಅನ್ನೋದು ಬಹಳ ಹಳೇ ಲೆಕ್ಕ. ನನಗೆ ಆ ಸಿಹಿ ಜಾಸ್ತಿ, ಅದಕ್ಕೇ ಹುಳಿ ಸಿಹಿ ಸಮ ಮಾಡಿದೀನಿ. ಹಿಂದಿನ ದಿನವೇ ಸ್ಟೀಲ್ ಡಬ್ಬಿಯಲ್ಲಿ ನೀರಿಟ್ಟು ದೊಡ್ಡ ಐಸ್ ಗಡ್ಡೆ ಮಾಡ್ಕೊಂಡಿರಿ, ನಿಧಾನಕ್ಕೆ ಕರಗುತ್ತೆ. ಬೋಗುಣಿಗೆ ಹಾಕಿ ಮೇಲೆ ಜಾಯಿಕಾಯಿ ತುರೀರಿ. ಮ್ಯಾಂಡೆಲ್ಸ್ಲೋ ದಾರಿ ಹಿಡಿಯೋರು ಜಾಯಿಕಾಯಿ ಬಿಟ್ಟು ಒಂದು ಚಮಚ ಪನ್ನೀರು ಹಾಕಿ. ಒಂದೇ ಚಮಚ! ಜಾಸ್ತಿಯಾದ್ರೆ ಆರತಕ್ಷತೆ ವಾಸನೆ.

ರಮ್ ಯಾಕೆ, ಅರಾಕ್ ಯಾಕಲ್ಲ? ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಷೇಧ. ನಮ್ಮ ರಮ್ಮೂ ಕಬ್ಬಿನ ಕಾಕಂಬಿಯದ್ದೇ, ಬರ್ನಿಯರ್‌ನ ಬೆಲ್ಲದ ಅರಾಕಿಗೆ ದೂರದ ನೆಂಟ. ಫ್ರೈಯರ್‌ನ ಗೋವಾ ಅರಾಕಿಗೆ ಹತ್ತಿರದ್ದು ತೆಂಗಿನ ಫೆನಿ, ಗೋವಾಕ್ಕೆ ಹೋದಾಗ ಅಲ್ಲೇ ಮಾಡಿ ನೋಡಿ. ಗಡಿ ದಾಟಿಸೋಕೆ ಅಬಕಾರಿ ನಿಯಮ ಇದೆ.

'ಒರಿಜಿನಲ್ ರುಚಿ ಬೇಕು, ಊರಲ್ಲಿ ಕಳ್ಳಭಟ್ಟಿ ಸಿಗುತ್ತೆ, ತರಲಾ?' ಅಂತ ಒಬ್ಬರು ನನಗೆ ಮೆಸೇಜ್ ಮಾಡಿದ್ರು. ಬೇಡ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮೆಥನಾಲ್. ಅದನ್ನ ರುಚಿಯಿಂದಲೂ ವಾಸನೆಯಿಂದಲೂ ಗುರುತು ಹಿಡಿಯೋಕಾಗಲ್ಲ, ನಿಂಬೆ ಹಿಂಡಿದ್ರೆ ಹೋಗಲ್ಲ. ಸೀಲ್ ಇರೋ ಬಾಟಲಿ, ಅಂಗಡಿಯ ಬಿಲ್ಲು, ಅಷ್ಟೇ.

ಇನ್ನು ಕುಡಿಯದವರಿಗೆ ಹೇಳಿದ್ದ ಪಾನೀಯ: ರಾಮನವಮಿಯ ಬೆಲ್ಲದ ಪಾನಕ. ನಿಂಬೆಸಿಪ್ಪೆಯನ್ನ ಬೆಲ್ಲದ ಪುಡಿ ಜೊತೆ ಜಜ್ಜಿಟ್ಟು ಆಮೇಲೆ ಪಾನಕ ಮಾಡಿ ನೋಡಿ, ಬೇರೆಯದೇ ಆಗುತ್ತೆ. ಪಾನಕದಿಂದಲೇ ಪಂಚ್ ಹುಟ್ಟಿತು ಅಂತ ನಾನು ಹೇಳ್ತಿಲ್ಲ, ಅದಕ್ಕೆ ಒಂದು ಚೂರು ಕಾಗದವೂ ಇಲ್ಲ. ಎರಡು ವರ್ಷದ ಹಿಂದಿನ ಪೋಸ್ಟ್‌ನಲ್ಲಿ ಅದನ್ನೂ ಬರೆದಿದ್ದೆ ಅನ್ನೋದು ಬೇರೆ ಮಾತು. ಆಗ ಅಮ್ಮ ಅದನ್ನ ಓದಿಸ್ಕೊಂಡು ಕೇಳಿ, ಬೆರಳು ಮಡಿಸ್ತಾ ಎಣಿಸಿದ್ರು: "ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಮೆಣಸು, ನೀರು. ಆರು ಆಯ್ತಲ್ಲೋ, ಐದು ಅಂತ ಯಾಕೆ ಬರ್ದೆ?"

ನಿಮ್ಮ ಮನೆ ಪಾನಕದಲ್ಲಿ ಎಷ್ಟಾಗುತ್ತೆ, ಎಣಿಸಿ ಹೇಳಿ. ಮುಂದಿನ ಕಂತು: ಬೇಕಂತಲೇ ಹಾಲು ಒಡೆಸಿ ಮಾಡೋ ಮಿಲ್ಕ್ ಪಂಚ್.

#ಮನೆಬಾರ್ #ಪಂಚ್ #ಪಾನಕ #ಕನ್ನಡದಲ್ಲಿಇತಿಹಾಸ