ಹಾಸ್ಟೆಲಿನ ಹೊಸ್ತಿಲಲ್ಲಿ ಕಾನೂನು

ಕ್ರಿ.ಶ. 533ರ ಡಿಸೆಂಬರ್‌ನಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಎಂಟು ಮಂದಿ ಕಾನೂನು ಪಂಡಿತರಿಗೆ ಒಂದು ಆಜ್ಞಾಪತ್ರ ಕಳಿಸಿದ. ಐದು ವರ್ಷದ ಕಾನೂನು ವ್ಯಾಸಂಗದಲ್ಲಿ ಯಾವ ವರ್ಷ ಏನನ್ನು ಓದಿಸಬೇಕು ಎಂಬುದು ಅದರ ಮುಖ್ಯ ವಿಷಯ. ಮೊದಲ ವರ್ಷದವರನ್ನು ‘ಎರಡು ಕಾಸಿನವರು’ ಎಂದು ಹೀಯಾಳಿಸುವ ರೂಢಿ ಆಗ ಇತ್ತು. ಚಕ್ರವರ್ತಿ ಅದನ್ನು ನಿಲ್ಲಿಸಿ ಅವರಿಗೆ ತನ್ನದೇ ಹೆಸರು ಕೊಟ್ಟ. ಅಷ್ಟಕ್ಕೇ ಬಿಡಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಾಗಲಿ, ಇಂದಿನ ಲೆಬನಾನಿನ ಬೈರೂತ್‌ನಲ್ಲಾಗಲಿ, ಹೊಸದಾಗಿ ಓದಲು ಬಂದವರ ಮೇಲೆ ಆಟದ ಹೆಸರಿನಲ್ಲಿ ಯಾರೂ ಹೀನ ಚೇಷ್ಟೆ ನಡೆಸಕೂಡದು ಎಂದು ಕಟ್ಟಪ್ಪಣೆ ಮಾಡಿದ. ಅಪರಾಧಕ್ಕೆ ಎಡೆಮಾಡುವುದನ್ನು ಆಟವೆಂದು ಕರೆಯುವವರಾದರೂ ಯಾರು ಎಂಬುದು ಅವನ ತರ್ಕ. ಬೈರೂತ್‌ನಲ್ಲಿ ಇದನ್ನು ನೋಡಿಕೊಳ್ಳುವ ಹೊಣೆಯನ್ನು ಪ್ರಾಂತ್ಯಾಧಿಕಾರಿ, ಊರಿನ ಬಿಷಪ್ ಮತ್ತು ಪಾಠ ಹೇಳುವ ಪಂಡಿತರು, ಈ ಮೂವರ ಹೆಗಲಿಗೂ ಹೊರಿಸಿದ.

ಹದಿನೈದು ಶತಮಾನಗಳ ಹಿಂದಿನ ಆ ಆಜ್ಞೆಯಲ್ಲಿ ಎರಡು ಮಾತು ಇತ್ಯರ್ಥವಾಗಿದ್ದವು. ಹೊಸಬರನ್ನು ಗೋಳು ಹೊಯ್ದುಕೊಳ್ಳುವುದು ತಮಾಷೆಯಲ್ಲ. ಅದನ್ನು ತಡೆಯುವ ಹೊಣೆ ಹೊಸಬರದ್ದಲ್ಲ, ಮೇಲೆ ಕೂತವರದ್ದು. ಈ ಎರಡು ಮಾತು ಭಾರತದ ಕಾನೂನಿನ ಪುಸ್ತಕಕ್ಕೆ ಏರುವ ಹೊತ್ತಿಗೆ ಎಷ್ಟೋ ಎಳೆಯ ಜೀವಗಳು ಹೋಗಿದ್ದವು.

ಕಿರಿಯರನ್ನು ಹಿರಿಯರು ದುಡಿಸಿಕೊಳ್ಳುವ ಚಾಳಿ ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ ಶತಮಾನಗಟ್ಟಲೆ ಕಾಲ ಶಿಸ್ತಿನ ಭಾಗವೆಂದೇ ನಡೆದುಬಂತು. ಬೂಟು ಒರೆಸುವುದು, ಚಹಾ ಕಾಯಿಸುವುದು, ಕರೆದಾಗ ಓಡುವುದು ಚಿಕ್ಕ ಹುಡುಗರ ಪಾಲಿನ ಕೆಲಸ. ರಗ್ಬಿ ಶಾಲೆಯ ಬದುಕನ್ನು ಕುರಿತು ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ದೊಡ್ಡ ಹುಡುಗರು ಚಿಕ್ಕವನೊಬ್ಬನನ್ನು ಉರಿಯುವ ಬೆಂಕಿಯ ಮುಂದೆ ಹಿಡಿದು ನಿಲ್ಲಿಸುವ ಪ್ರಸಂಗವಿದೆ. ಅಮೆರಿಕದಲ್ಲಿ ಮಾತ್ರ ಕಾನೂನು ಬೇಗ ಎಚ್ಚೆತ್ತುಕೊಂಡಿತು. ನೌಕಾಪಡೆಯ ತರಬೇತಿ ಅಕಾಡೆಮಿಯಲ್ಲಿ ನಡೆಯುತ್ತಿದ್ದ ಇಂಥ ಹಿಂಸೆಯ ವಿರುದ್ಧ ಅಲ್ಲಿನ ಸಂಸತ್ತು 1874ರಲ್ಲೇ ಕಾಯ್ದೆ ಮಾಡಿತು.

ನಮ್ಮಲ್ಲಿ ಈ ಪಿಡುಗು ಗಟ್ಟಿಯಾಗಿ ಬೇರುಬಿಟ್ಟಿದ್ದು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ. ಕರ್ನಾಟಕದ ಮಟ್ಟಿಗೆ ಅದಕ್ಕೆ ಹದವಾದ ನೆಲ ಸಿದ್ಧವಾಗಿಯೇ ಇತ್ತು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ದಾವಣಗೆರೆ, ಬೆಳಗಾವಿ, ಕಲಬುರಗಿ, ಬೆಂಗಳೂರುಗಳಲ್ಲಿ ಒಂದರ ಹಿಂದೊಂದು ಖಾಸಗಿ ಕಾಲೇಜುಗಳು ಎದ್ದವು. ಸೀಟಿಗೆ ಕೊಡುವ ವಂತಿಗೆಯ ಹಾವಳಿ ತಡೆಯಲು ಸರ್ಕಾರ 1984ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕೇರಳದಿಂದ, ಬಿಹಾರದಿಂದ, ಈಶಾನ್ಯ ರಾಜ್ಯಗಳಿಂದ ಹದಿನೇಳು ಹದಿನೆಂಟರ ಮಕ್ಕಳು ಟ್ರಂಕು ಹಿಡಿದು ಬಂದಿಳಿದರು. ಊರು ಹೊಸದು, ಭಾಷೆ ತಿಳಿಯದು, ಗುರುತಿನವರು ಇಲ್ಲ. ಅಂಥವರಿಗೆ ಆಸರೆಯಾಗಿ ಸಿಗುತ್ತಿದ್ದವರು ತಮ್ಮದೇ ಭಾಷೆ ಆಡುವ ಸೀನಿಯರ್‌ಗಳು. ಬಾಡಿಗೆ ಕೋಣೆ ಹುಡುಕಿಕೊಡುವವರೂ ಅವರೇ, ಹಳೆಯ ಪುಸ್ತಕ ಕೊಡುವವರೂ ಅವರೇ, ರಾತ್ರಿ ರೂಮಿಗೆ ಕರೆಸಿಕೊಳ್ಳುವವರೂ ಅವರೇ. ದೂರು ಕೊಡಲು ಜೂನಿಯರ್‌ಗಳ ಬಾಯಿ ಯಾಕೆ ಏಳುವುದಿಲ್ಲ ಎಂದು ಕೇಳುವವರು ಈ ಅವಲಂಬನೆಯನ್ನು ಮರೆಯಬಾರದು.

ಆ ರೂಮಿನಲ್ಲಿ ನಡೆಯುತ್ತಿದ್ದುದಾದರೂ ಏನು? ಮೊದಲು ‘ಇಂಟ್ರೊ’. ಹೆಸರು, ಊರು, ಅಪ್ಪನ ಕೆಲಸ, ರ‍್ಯಾಂಕು ಎಲ್ಲವನ್ನೂ ನೆಟ್ಟಗೆ ನಿಂತು ಒಪ್ಪಿಸಬೇಕು. ಸೀನಿಯರ್ ಮುಖ ನೋಡುವಂತಿಲ್ಲ, ತನ್ನ ಅಂಗಿಯ ಮೂರನೇ ಗುಂಡಿಯ ಮೇಲೆಯೇ ಕಣ್ಣಿರಬೇಕು. ಮೀಸೆ ಬೋಳಿಸಬೇಕು, ಬೆಲ್ಟು ಕಟ್ಟುವಂತಿಲ್ಲ, ಕಂಡಲ್ಲೆಲ್ಲ ಸಲ್ಯೂಟ್ ಹೊಡೆಯಬೇಕು. ಸೀನಿಯರ್‌ಗಳ ಲ್ಯಾಬ್ ರೆಕಾರ್ಡನ್ನು ರಾತ್ರಿಯಿಡೀ ಕೂತು ಬರೆದುಕೊಡಬೇಕು, ಮಧ್ಯರಾತ್ರಿ ಸಿಗರೇಟು ತಂದುಕೊಡಬೇಕು. ಇಷ್ಟಕ್ಕೆ ನಿಂತರೆ ಪುಣ್ಯ. ಬಟ್ಟೆ ಬಿಚ್ಚಿಸುವುದು, ಲೈಂಗಿಕವಾಗಿ ಅವಮಾನಿಸುವುದು, ಜಾತಿ ಹಿಡಿದು ಬೈಯುವುದು, ಹೊಡೆಯುವುದು ಅದರ ಮುಂದಿನ ಮೆಟ್ಟಿಲುಗಳು. ಮೂರನೇ ಗುಂಡಿಯಿಂದ ಹೊಡೆತದವರೆಗೆ ಎಲ್ಲಿಯೂ ಗೆರೆ ಇರುತ್ತಿರಲಿಲ್ಲ. ಒಂದಕ್ಕೆ ಒಗ್ಗಿಕೊಂಡವನು ಇನ್ನೊಂದಕ್ಕೆ ಇಲ್ಲ ಎನ್ನುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿತ್ತು.

ಸಂಕೋಚ ಬಿಡಿಸುತ್ತೇವೆ, ಹುಡುಗರನ್ನು ಗಟ್ಟಿ ಮಾಡುತ್ತೇವೆ, ನಮ್ಮ ಸೀನಿಯರ್‌ಗಳು ನಮಗೂ ಮಾಡಿದ್ದರು. ಸಮರ್ಥಿಸಿಕೊಳ್ಳುವವರು ಹೇಳುತ್ತಿದ್ದುದು ಇಷ್ಟೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಲೆಕ್ಕ. ಇವತ್ತು ತಿಂದ ಪೆಟ್ಟನ್ನು ಬರುವ ವರ್ಷ ಬೇರೆಯವರಿಗೆ ದಾಟಿಸಬಹುದು ಎಂಬ ಭರವಸೆಯ ಮೇಲೆ ಈ ಚಾಳಿ ತಲೆಮಾರಿನಿಂದ ತಲೆಮಾರಿಗೆ ನಡೆಯಿತು.

ಇದನ್ನು ಅಪರಾಧ ಎಂದು ಬರೆದಿಟ್ಟ ಕಾನೂನುಗಳ ಪೈಕಿ ಕರ್ನಾಟಕದ್ದು ಮುಂಚಿನ ಸಾಲಿನಲ್ಲಿದೆ. ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ ಹೆಸರಿನಲ್ಲಿ 1983 ಎಂದಿದ್ದರೂ ಜಾರಿಗೆ ಬಂದದ್ದು 1995ರಲ್ಲಿ. ಅದರ 116ನೇ ಪ್ರಕರಣ ವಿದ್ಯಾರ್ಥಿಗಳು ರ‍್ಯಾಗಿಂಗ್ ಮಾಡುವುದನ್ನು ನಿಷೇಧಿಸುತ್ತದೆ. ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆಗಿಂತ ಮುಖ್ಯವಾದದ್ದು ಕಾಯ್ದೆ ಕೊಡುವ ವಿವರಣೆ. ತಮಾಷೆಗೆಂದಾಗಲಿ ಬೇರೆ ರೀತಿಯಲ್ಲಾಗಲಿ, ಮನುಷ್ಯ ಘನತೆಗೆ ಕುಂದು ತರುವ, ನಗೆಪಾಟಲಿಗೆ ಗುರಿಮಾಡುವ ಕೆಲಸವನ್ನು ಬೆದರಿಸಿ ಮಾಡಿಸಿದರೆ ಅದು ರ‍್ಯಾಗಿಂಗ್. ತಮಾಷೆಗೆ ಮಾಡಿದೆವು ಎಂದು ತಪ್ಪಿಸಿಕೊಳ್ಳುವ ಬಾಗಿಲನ್ನು ಈ ವಿವರಣೆ ಮುಚ್ಚಿತು. ಜಸ್ಟಿನಿಯನ್ನನ ಮೊದಲ ಮಾತು ಹೀಗೆ ಕನ್ನಡ ನಾಡಿನ ಕಾಯ್ದೆಗೆ ಬಂತು. ಎರಡನೆಯದು, ಎಂದರೆ ಸಂಸ್ಥೆಯ ಹೊಣೆ, ಇನ್ನೂ ಬರಬೇಕಿತ್ತು.

ಅದು ಬಂದದ್ದು ತಮಿಳುನಾಡಿನಲ್ಲಿ, ಭೀಕರವಾದ ಒಂದು ಕೊಲೆಯ ಬೆನ್ನಿಗೆ. 1996ರ ನವೆಂಬರ್‌ನಲ್ಲಿ ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಿಂದ ಕಾಣೆಯಾದ. ಆತ ಮದ್ರಾಸ್ ವಿಶ್ವವಿದ್ಯಾಲಯದ ಆಗಿನ ಕುಲಪತಿಯ ಮಗ. ಹೇಳಿದ್ದನ್ನು ಮಾಡಲು ಒಪ್ಪದ ಅವನನ್ನು ಸೀನಿಯರ್ ಒಬ್ಬ ಕೊಂದು ದೇಹವನ್ನು ತುಂಡರಿಸಿ ಬೇರೆ ಬೇರೆ ಕಡೆ ಎಸೆದಿದ್ದ. ತಮಿಳುನಾಡು ಸರ್ಕಾರ ಕೆಲವೇ ವಾರಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿತು, 1997ರಲ್ಲಿ ಅದು ಕಾಯ್ದೆಯಾಯಿತು. ರ‍್ಯಾಗಿಂಗ್ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ, ಕಾಲೇಜಿನಿಂದ ವಜಾ. ಅದರ ಜೊತೆಗೇ, ದೂರು ಬಂದರೂ ಕೈಕಟ್ಟಿ ಕೂತ ಸಂಸ್ಥೆಯ ಮುಖ್ಯಸ್ಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೆಂದೇ ಪರಿಗಣನೆ. ಮರುವರ್ಷ ಕೇರಳವೂ ಇಂಥದೇ ಕಾಯ್ದೆ ಮಾಡಿತು. ಪೇರಾದೇನಿಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಸಾವನ್ನು ಕಂಡ ಶ್ರೀಲಂಕಾದ ಸಂಸತ್ತು ಕೂಡ 1998ರಲ್ಲೇ ಕಾನೂನು ತಂದಿತು.

ಚಿದಂಬರಂ ಪ್ರಕರಣ ನ್ಯಾಯಾಲಯಗಳಲ್ಲಿ ಹಿಡಿದ ದಾರಿಯನ್ನೂ ಇಲ್ಲಿ ಹೇಳಬೇಕು. ಕಡಲೂರಿನ ನ್ಯಾಯಾಲಯ 1998ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು, 2001ರಲ್ಲಿ ಮದ್ರಾಸ್ ಹೈಕೋರ್ಟ್ ಆರೋಪಿಯನ್ನು ಬಿಟ್ಟುಕಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಮಾಡಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಹದಿನೈದು ವರ್ಷಕ್ಕೆ ಸ್ವಲ್ಪ ಕಡಿಮೆ. ಮಗನನ್ನು ಕಳೆದುಕೊಂಡ ಮನೆಗೆ ಅಷ್ಟು ಕಾಲ ತೀರ್ಪಿಗಾಗಿ ಕಾಯುವುದೇ ಇನ್ನೊಂದು ಶಿಕ್ಷೆ.

ರಾಜ್ಯಗಳು ತಮ್ಮ ಪಾಡಿಗೆ ಕಾಯ್ದೆ ಮಾಡುತ್ತಿದ್ದಾಗ ವಿಶ್ವ ಜಾಗೃತಿ ಮಿಷನ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2001ರ ಮೇ ತಿಂಗಳ ಆದೇಶದಲ್ಲಿ ನ್ಯಾಯಾಲಯ ದೇಶಕ್ಕೆಲ್ಲ ಅನ್ವಯವಾಗುವ ಮಾರ್ಗಸೂಚಿ ಕೊಟ್ಟಿತು. ತಡೆಯಲಾಗದ ಸಂಸ್ಥೆಗಳ ಅನುದಾನ ನಿಲ್ಲಿಸಬಹುದು ಎಂದೂ ಹೇಳಿತು. ಆದರೆ ವಿದ್ಯಾರ್ಥಿಗಳ ಅಶಿಸ್ತನ್ನು ಗುರುಗಳೇ ಕಾಲೇಜಿನೊಳಗೆ ತಿದ್ದಬೇಕು, ಪೊಲೀಸರನ್ನು ಕರೆಯುವುದು ಅನಿವಾರ್ಯವಾದಾಗ ಮಾತ್ರ ಎಂಬ ನಿಲುವು ಆ ಆದೇಶದಲ್ಲಿತ್ತು. ಅದರ ಹಿಂದಿನ ಕಾಳಜಿ ಪ್ರಾಮಾಣಿಕವಾದದ್ದು. ಆದರೂ ಕಾಲೇಜಿನ ಮಾನ ಕಾಯುವುದೇ ದೊಡ್ಡದೆಂದು ತಿಳಿದ ಆಡಳಿತ ಮಂಡಳಿಗಳಿಗೆ ಅದು ದೂರನ್ನು ಒಳಗೇ ಮುಚ್ಚಿಹಾಕುವ ಅನುಮತಿಯಂತೆ ಕೇಳಿಸುವ ಅಪಾಯವಿತ್ತು.

ಐದೇ ವರ್ಷದಲ್ಲಿ ನ್ಯಾಯಾಲಯ ಇದೇ ವಿಷಯಕ್ಕೆ ಮರಳಬೇಕಾಯಿತು. ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ಅವರ ನೇತೃತ್ವದಲ್ಲಿ 2006ರಲ್ಲಿ ಸಮಿತಿ ನೇಮಕವಾಗಿ, 2007ರ ಮೇ ತಿಂಗಳಲ್ಲಿ ವರದಿ ಬಂತು. ರ‍್ಯಾಗಿಂಗ್ ಎಂಬ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯಲ್ಲೇ ಪ್ರತ್ಯೇಕ ಕಲಮು ಬೇಕು ಎಂದು ಸಮಿತಿ ಸಲಹೆ ಮಾಡಿತ್ತು. ಅದು ಆಗಲೇ ಇಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಕಲಮು ಇಲ್ಲ. ಹಲ್ಲೆ, ಅಕ್ರಮ ಬಂಧನ, ಬೆದರಿಕೆ ಎಂದು ಬೇರೆ ಬೇರೆ ಕಲಮುಗಳನ್ನು ಹೊಂದಿಸಿ ಪೊಲೀಸರು ಮೊಕದ್ದಮೆ ಹೂಡುತ್ತಾರೆ. ಹೊಸ ಸಂಹಿತೆ ಬರೆಯುವಾಗ ಕೈಗೆ ಬಂದ ಅವಕಾಶವನ್ನು ಬಿಟ್ಟುಕೊಟ್ಟದ್ದು ದೊಡ್ಡ ಲೋಪ. ಆದರೂ ರಾಘವನ್ ವರದಿಯಿಂದ ಒಂದು ಗಟ್ಟಿ ಫಲ ಸಿಕ್ಕಿತು. ಕಾಲೇಜು ಕೈಗೊಂಡ ಕ್ರಮ ಸಾಲದು ಎಂದು ವಿದ್ಯಾರ್ಥಿಗೋ ಪೋಷಕರಿಗೋ ಅನ್ನಿಸಿದರೆ ಸಂಸ್ಥೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಆದೇಶಿಸಿತು.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ 2009ರ ಮಾರ್ಚ್ 8ರಂದು ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನ ಹತ್ತೊಂಬತ್ತು ವರ್ಷದ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸಿಕ್ಕು ಸತ್ತ. ಹಿಂಸೆಯ ಬಗ್ಗೆ ಆತ ಮನೆಯವರಿಗೆ ಮತ್ತೆ ಮತ್ತೆ ಹೇಳಿಕೊಂಡಿದ್ದ. ನಾಲ್ವರಿಗೆ ಮರುವರ್ಷ ತಲಾ ನಾಲ್ಕು ವರ್ಷ ಸೆರೆವಾಸವಾಯಿತು. ಮಗನನ್ನು ಕಳೆದುಕೊಂಡ ತಂದೆ ರಾಜೇಂದ್ರ ಕಾಚ್ರು ಆಮೇಲಿನ ವರ್ಷಗಳನ್ನು ಈ ಹೋರಾಟಕ್ಕೇ ಕೊಟ್ಟರು. ಅದೇ 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ ಹೊರಟಿತು, 1800-180-5522 ಸಂಖ್ಯೆಯ ಸಹಾಯವಾಣಿ ಶುರುವಾಯಿತು.

ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿ ಮತ್ತು ಪೋಷಕರು ಕೊಡುವ ಮುಚ್ಚಳಿಕೆ ಎಲ್ಲರಿಗೂ ಗೊತ್ತು, ಏಕೆಂದರೆ ಅದಕ್ಕೆ ಸಹಿ ಹಾಕದೆ ದಾಖಲಾತಿ ಮುಗಿಯುವುದಿಲ್ಲ. ನಿಯಮಾವಳಿಯ ಉಳಿದ ಭಾಗವನ್ನು ಓದಿದವರು ಕಡಿಮೆ. ಮಾಹಿತಿ ಸಿಕ್ಕ ಇಪ್ಪತ್ನಾಲ್ಕು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ಹಾಕಿಸಬೇಕು. ಮೊದಲ ವರ್ಷದವರಿಗೆ ಬೇರೆ ಹಾಸ್ಟೆಲೋ ಪ್ರತ್ಯೇಕ ಭಾಗವೋ ಇರಬೇಕು, ವಾರ್ಡನ್ ಫೋನ್ ಸದಾ ಸಿಗುವಂತಿರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಹಾಸ್ಟೆಲಿಗೆ ದಿಢೀರ್ ಭೇಟಿ ಕೊಡುವ ತಂಡ ಇರಬೇಕು. ಹೆಸರು ಬರೆಯದೆ ಉತ್ತರಿಸುವ ಸಮೀಕ್ಷೆಗಳನ್ನು ಮೊದಲ ತಿಂಗಳುಗಳಲ್ಲಿ ಹೊಸಬರ ನಡುವೆ ನಡೆಸಬೇಕು. ಈ ಕೊನೆಯದು ಬಹಳ ದೂರದೃಷ್ಟಿಯ ಯೋಚನೆ. ಅತಿ ಹೆಚ್ಚು ಹೆದರಿದವನೇ ಎದ್ದು ನಿಂತು ದೂರು ಕೊಡಲಿ ಎಂದು ಅದು ಕಾಯುವುದಿಲ್ಲ, ಕಾಲೇಜೇ ಅವನ ಬಳಿಗೆ ಹೋಗಲಿ ಎನ್ನುತ್ತದೆ.

ರ‍್ಯಾಗಿಂಗಿಗೆ ಗುರಿಯಾಗುವವರು ಯಾರು ಎಂಬ ಪ್ರಶ್ನೆಯನ್ನು ನಿಯಮಗಳು ಬಹುಕಾಲ ಕೇಳಲೇ ಇಲ್ಲ. ಹೊಸಬರೆಲ್ಲ ಒಂದೇ ಎಂದು ಅವು ನಂಬಿದ್ದವು. ಹಾಸ್ಟೆಲುಗಳಲ್ಲಿ ಹಾಗಿರಲಿಲ್ಲ. 2016ರ ಮೇ ತಿಂಗಳಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದ ಕೇರಳದ ದಲಿತ ವಿದ್ಯಾರ್ಥಿನಿಗೆ ಸೀನಿಯರ್ ಹುಡುಗಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರು ಎಂಬ ದೂರು ಎರಡೂ ರಾಜ್ಯಗಳನ್ನು ಕಲಕಿತು. ಕೇರಳದಲ್ಲಿ ದಾಖಲಾದ ಪ್ರಕರಣ ಕಲಬುರಗಿ ಪೊಲೀಸರಿಗೆ ಬಂತು. ಆರೋಪಿಗಳೂ ಕೇರಳದ ಹುಡುಗಿಯರೇ. ಅದೇ ವರ್ಷ ಯುಜಿಸಿ ತನ್ನ ನಿಯಮಾವಳಿಗೆ ತಿದ್ದುಪಡಿ ತಂದು ಜಾತಿ, ಧರ್ಮ, ಬಣ್ಣ, ಪ್ರದೇಶ, ಭಾಷೆ, ಲಿಂಗತ್ವ, ಲೈಂಗಿಕ ಒಲವು, ಆರ್ಥಿಕ ಸ್ಥಿತಿ ಇವುಗಳ ನೆಪದಲ್ಲಿ ನಡೆಸುವ ದೈಹಿಕ ಮಾನಸಿಕ ಹಿಂಸೆಯನ್ನೂ ರ‍್ಯಾಗಿಂಗ್ ಎಂದೇ ಸೇರಿಸಿತು. ಫೋನು ಎಲ್ಲರ ಕೈಗೆ ಬಂದ ಮೇಲೆ ಹಿಂಸೆ ರೂಮು ಬಿಟ್ಟು ವಾಟ್ಸ್ಆ್ಯಪ್ ಗುಂಪಿಗೂ ಬಂತು. ಕಿರಿಯರನ್ನು ಅಂಥ ಗುಂಪಿಗೆ ಸೇರಿಸಿ ಕಾಡುವುದೂ ರ‍್ಯಾಗಿಂಗ್ ಎಂದು 2025ರಲ್ಲಿ ಯುಜಿಸಿ ಸುತ್ತೋಲೆ ಕಳಿಸಿತು.

ಮೊದಲ ವರ್ಷಕ್ಕೆ ಸೇರುವ ಎಷ್ಟೋ ಮಂದಿಗೆ ಹದಿನೆಂಟು ತುಂಬಿರುವುದಿಲ್ಲ, ಕಾನೂನಿನ ಕಣ್ಣಿಗೆ ಅವರು ಮಕ್ಕಳು. 2023ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಹಾಸ್ಟೆಲಿನ ಮಹಡಿಯಿಂದ ಬಿದ್ದು ಸತ್ತ ವಿದ್ಯಾರ್ಥಿಗೆ ಹದಿನೇಳು ವರ್ಷ. ಹಾಗಾಗಿ ಆರೋಪಿಗಳ ಮೇಲೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯನ್ನೂ ಹೇರಲಾಯಿತು. ಬಂಧಿತರಲ್ಲಿ ಓದು ಮುಗಿದ ಮೇಲೂ ಹಾಸ್ಟೆಲ್ ಬಿಡದೆ ಉಳಿದಿದ್ದ ಹಳೆಯ ವಿದ್ಯಾರ್ಥಿಯೂ ಇದ್ದ. ಮೊದಲ ವರ್ಷದವರನ್ನು ಬೇರೆ ಹಾಸ್ಟೆಲಿಗೆ ಸ್ಥಳಾಂತರಿಸಿದ್ದು ಆ ಸಾವಿನ ನಂತರ. ಹಾಗೆ ಬೇರೆ ಇಡಬೇಕೆಂಬ ನಿಯಮಕ್ಕೆ ಆಗ ಹದಿನಾಲ್ಕು ವರ್ಷವಾಗಿತ್ತು.

ಸೀಟು ಸಿಕ್ಕ ಸಂಭ್ರಮದಲ್ಲಿ, ಶುಲ್ಕ ಹೊಂದಿಸಿದ ದಣಿವಿನಲ್ಲಿ, ಪೋಷಕರು ಮುಚ್ಚಳಿಕೆಗೆ ಸಹಿ ಹಾಕಿ ಬಸ್ಸು ಹತ್ತುತ್ತಾರೆ. ನಮ್ಮ ಮಗ ಯಾರನ್ನೂ ಕಾಡುವುದಿಲ್ಲ ಎಂದು ಬರೆದುಕೊಡುವ ಅವರಿಗೆ ಕಾಲೇಜಿನ ಕಡೆಯಿಂದಲೂ ಉತ್ತರ ಪಡೆಯುವ ಹಕ್ಕಿದೆ. ವಾರ್ಡನ್ ಯಾರು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಮೊದಲ ವರ್ಷದವರು ಯಾವ ಮಹಡಿಯಲ್ಲಿರುತ್ತಾರೆ, ಕಳೆದ ವರ್ಷ ಹೆಸರಿಲ್ಲದ ಸಮೀಕ್ಷೆ ನಡೆಯಿತೇ ಎಂದು ಕಚೇರಿಯ ಕಿಟಕಿಯಲ್ಲೇ ಕೇಳಬಹುದು. ಈ ಪ್ರಶ್ನೆಗಳಿಗೆ ಬೇಕಾದ ನಿಯಮಗಳೆಲ್ಲ 2009ರಿಂದ ಜಾರಿಯಲ್ಲಿವೆ.