ಬಾಗುವುದಕ್ಕೂ ಒಂದು ಮಿತಿ

ಹಿಮದ ಇಳಿಜಾರಿನಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಆಟಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮಗೆ ಹಿಮವೆಂದರೆ ಕ್ಯಾಲೆಂಡರಿನ ಕೈಲಾಸ, ಇಲ್ಲವೇ ಫ್ರಿಜ್ಜಿನ ಮೇಲಿನ ಖಾನೆ. ಆದರೆ ಸ್ನೋಬೋರ್ಡ್ ಎಂಬ ಆ ಹಲಗೆಯ ಹೊಟ್ಟೆಯೊಳಗೆ ಅಡಗಿರುವ ಲೋಹದ ತಗಡಿನ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಅದು ದೂರದ್ದೆನಿಸಲಿಲ್ಲ. ಎಷ್ಟು ಬಾಗಬಹುದು, ಎಲ್ಲಿಯವರೆಗೆ ತಾಳಬಹುದು ಎಂಬ ಪ್ರಶ್ನೆ ಹಿಮಕ್ಕಷ್ಟೇ ಸೇರಿದ್ದಲ್ಲವಲ್ಲ!

ಸ್ನೋಬೋರ್ಡ್ ಹುಟ್ಟಿದ್ದು ಮಕ್ಕಳ ಆಟಿಕೆಯಾಗಿ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪೆನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳನ್ನು ಆಡಿಸಲೆಂದು ಎರಡು ಸ್ಕೀಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಒಂದೇ ಹಲಗೆ ಮಾಡಿದ. ಸ್ನೋ ಮತ್ತು ಸರ್ಫರ್ ಎರಡನ್ನೂ ಬೆಸೆದು ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟವಳು ಅವನ ಹೆಂಡತಿ ನ್ಯಾನ್ಸಿ. ಆ ಆಟಿಕೆಯಲ್ಲಿ ಲೋಹದ ಪದರವೇನೂ ಇರಲಿಲ್ಲ. ಲೋಹ ಬಂದದ್ದು ಅಕ್ಕನಿಂದ, ಅಂದರೆ ಸ್ಕೀಯಿಂದ.

ಸ್ಕೀಗೆ ಲೋಹ ಹಿಡಿಸಿದ ಕಥೆಯಲ್ಲಿ ದೊಡ್ಡ ಹೆಸರು ಹೊವರ್ಡ್ ಹೆಡ್. ಬಾಲ್ಟಿಮೋರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಈತ 1947ರಲ್ಲಿ ವರ್ಮಾಂಟಿನ ಸ್ಟೋ ಎಂಬಲ್ಲಿ ಮೊದಲ ಬಾರಿ ಸ್ಕೀ ಕಟ್ಟಿದ. ಮರದ ಆ ಹಲಗೆಗಳು ಭಾರ, ಒರಟು. ಹೇಳಿದ ಮಾತು ಕೇಳುತ್ತಿರಲಿಲ್ಲ. ವಿಮಾನದ ರೆಕ್ಕೆ ಮಾಡುವ ಅಲ್ಯೂಮಿನಿಯಂ ತಗಡಿನಿಂದ ಇದಕ್ಕಿಂತ ಹಗುರವಾದದ್ದನ್ನು ಮಾಡಬಹುದಲ್ಲ ಎನ್ನಿಸಿತು. ಎರಡು ತಗಡುಗಳ ನಡುವೆ ಜೇನುಗೂಡಿನಂಥ ಪ್ಲಾಸ್ಟಿಕ್ ತಿರುಳಿಟ್ಟು ಅಂಟಿಸಿದ. ಮೊದಲ ಜೊತೆಗಳನ್ನು ಸ್ಟೋಗೆ ಹೊತ್ತುಕೊಂಡು ಹೋದರೆ, ಅಲ್ಲಿಯ ಶಿಕ್ಷಕರು ಬಗ್ಗಿಸಿ ನೋಡುತ್ತಲೇ ಅವು ಪಟಪಟನೆ ಮುರಿದುಬಿದ್ದವು.

ಹೆಡ್ ಎದೆಗುಂದಲಿಲ್ಲ. ಮುರಿದದ್ದನ್ನು ಮನೆಗೆ ತಂದು, ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ನೋಡಿದ. ಜೇನುಗೂಡಿನ ಬದಲು ಪ್ಲೈವುಡ್ ತಿರುಳು ಬಂತು. ಅಲ್ಯೂಮಿನಿಯಂ ತಳಕ್ಕೆ ಹಿಮ ಮೆತ್ತಿಕೊಳ್ಳುತ್ತದೆ ಎಂದು ತಿಳಿದಾಗ ತಳಕ್ಕೆ ಪ್ಲಾಸ್ಟಿಕ್ ಪದರ ಬಂತು. ಅಂಚು ಮೊಂಡಾದಾಗ ಉಕ್ಕಿನ ಅಂಚು ಬಂತು. ಹೀಗೆ ಮೂರು ಚಳಿಗಾಲ ಕಳೆದು 1950ರ ಹೊತ್ತಿಗೆ ಮುರಿಯದ ಸ್ಕೀ ಸಿದ್ಧವಾಯಿತು. 1960ರಲ್ಲಿ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನ ಡೌನ್‌ಹಿಲ್ ಓಟವನ್ನು ಫ್ರಾನ್ಸಿನ ಜ್ಯಾನ್ ವುಆರ್ನೆ ಲೋಹದ ಸ್ಕೀ ಕಟ್ಟಿಯೇ ಗೆದ್ದ. ಅಷ್ಟರಲ್ಲಿ ಗಾಜಿನೆಳೆಯ ಕಾಲ ಶುರುವಾಗಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಫೈಬರ್‌ಗ್ಲಾಸ್ ಸ್ಕೀಗಳೇ ಮೇಲುಗೈ ಸಾಧಿಸಿದವು. 1969ರಲ್ಲಿ ಹೆಡ್ ತನ್ನ ಕಂಪೆನಿಯನ್ನು ಮಾರಿದ.

ಲೋಹ ಹೋಯಿತೇ? ಇಲ್ಲ. ತೆಳುವಾಗಿ, ಒಳಗಿನ ಪದರವಾಗಿ ಉಳಿಯಿತು. ಗಟ್ಟಿ ಬೂಟು ತೊಟ್ಟು, ಕಿರಿದಾದ ಹಲಗೆಯ ಅಂಚಿನ ಮೇಲೆ ಹಿಮವನ್ನು ಕೊರೆಯುತ್ತಾ ಇಳಿಯುವ ಆಲ್ಪೈನ್ ಸ್ನೋಬೋರ್ಡಿಗೆ ಅದು ಹಬ್ಬಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಆ ಲೋಹದ ಹೆಸರು ಟೈಟನಾಲ್. ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳಬೇಡಿ! ಅದು ಸತು, ಮೆಗ್ನೀಸಿಯಂ, ತಾಮ್ರ, ಚೂರು ಜಿರ್ಕೋನಿಯಂ ಬೆರೆಸಿದ ಅಲ್ಯೂಮಿನಿಯಂ. ತಯಾರಾಗುವುದು ಆಸ್ಟ್ರಿಯಾದ ರಾನ್ಸ್‌ಹೋಫೆನ್‌ನಲ್ಲಿ. ಗಾಜಿನೆಳೆಗೆ ಬಲವಿರುವುದು ಎಳೆ ಹರಿದ ದಿಕ್ಕಿನಲ್ಲಿ. ತಗಡಿಗೆ ಎಲ್ಲ ದಿಕ್ಕಿನಲ್ಲೂ ಒಂದೇ ಬಲ. ಹಾಗಾಗಿ ಹಲಗೆ ಉದ್ದಕ್ಕೆ ಮೆತ್ತಗೆ ಬಾಗುತ್ತದೆ, ಅಡ್ಡಕ್ಕೆ ತಿರುಚಿಕೊಳ್ಳುವುದಿಲ್ಲ. ಮಂಜುಗಡ್ಡೆಯ ಮೇಲೂ ನಡುಗದೆ ಕಚ್ಚಿಕೊಂಡು ಹೋಗುತ್ತದೆ. ಇಂಥ ಓಟದಲ್ಲೇ 2018ರಲ್ಲಿ ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಎಂಬ 22ರ ಹುಡುಗಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಚಿನ್ನ ಗೆದ್ದಳು. ಅದಕ್ಕೆ ಒಂದು ವಾರ ಮೊದಲು ಸ್ಕೀ ಓಟದಲ್ಲೂ ಅವಳದೇ ಚಿನ್ನ!

ಇಷ್ಟು ಗುಣವಿರುವ ಲೋಹ ಸೋಲುವುದು ಎಲ್ಲಿ? ಮೊದಲನೆಯದು, ಅಂಟಿನಲ್ಲಿ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದೊಡನೆ ಮೈಮೇಲೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆ ಮೈಯನ್ನು ಹದಗೊಳಿಸದಿದ್ದರೆ ಅಂಟು ಹಿಡಿಯುವುದಿಲ್ಲ. ಹಿಂದೆ ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ಹಿತ್ತಾಳೆ ಪಾತ್ರೆಗೆ ತವರ ಬಳಿಯುವ ಮೊದಲು ನವಸಾಗರ ಹಾಕಿ ಉಜ್ಜುತ್ತಿದ್ದುದು ಇದೇ ಕಾರಣಕ್ಕೆ. ಜೊತೆಗೆ ಅಲ್ಯೂಮಿನಿಯಂ ಶಾಖಕ್ಕೆ ಹಿಗ್ಗುವುದು, ಚಳಿಗೆ ಕುಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಒಂದೇ ಹಲಗೆಯಲ್ಲಿ ಎರಡನ್ನೂ ಅಂಟಿಸಿದರೆ ಪ್ರತಿ ಚಳಿಗೂ ಅವುಗಳ ನಡುವೆ ಎಳೆದಾಟ. ಅದಕ್ಕೇ ತಯಾರಕರು ನಡುವೆ ತೆಳುವಾದ ರಬ್ಬರಿನ ಪಟ್ಟಿ ಇಡುತ್ತಾರೆ. ಅದು ಎರಡನ್ನೂ ಸಂಭಾಳಿಸುತ್ತದೆ, ಓರಗಿತ್ತಿಯರ ನಡುವೆ ನಿಂತ ಅತ್ತೆಯಂತೆ!

ಎರಡನೆಯ ಸೋಲು ಕಾಲಿನ ಪಟ್ಟಿಯನ್ನು ಬಿಗಿಯುವ ಜಾಗದ್ದು. ಅಲ್ಲಿ ತಗಡಿಗೆ ತೂತು ಕೊರೆದಿರುತ್ತದೆ. ಗಟ್ಟಿ ಬೂಟಿನ ಒತ್ತಡವೆಲ್ಲ ಆ ತೂತುಗಳ ಸುತ್ತ ಸೇರಿಕೊಳ್ಳುತ್ತದೆ. ಹಲಗೆಯ ಮೇಲೊಂದು ಅಡ್ಡಪಟ್ಟಿಯನ್ನು ಎತ್ತರದಲ್ಲಿ ಕೂರಿಸಿ, ಬೂಟನ್ನು ಅದಕ್ಕೆ ಕಟ್ಟುವ ರೂಢಿ ಬಂದಮೇಲೆ ಹಲಗೆಗೆ ತನ್ನಷ್ಟಕ್ಕೆ ಬಾಗುವ ಬಿಡುವು ಸಿಕ್ಕಿತು.

ಮೂರನೆಯದೇ ನನ್ನನ್ನು ಬಹಳ ಕಾಡಿದ್ದು. ಹಿಮದ ಗುಂಡಿಗೆ ಮೂತಿ ಹೊಕ್ಕು ಹಲಗೆ ವಿಪರೀತ ಬಾಗಿತೆನ್ನಿ. ಗಾಜಿನೆಳೆಯಾದರೆ ಒಂದೋ ಮೊದಲಿನಂತಾಗುತ್ತದೆ, ಇಲ್ಲವೇ ಸದ್ದು ಮಾಡಿ ಮುರಿಯುತ್ತದೆ. ಲೋಹ ಹಾಗಲ್ಲ. ಒಂದು ಮಿತಿಯವರೆಗೆ ಸಾವಿರ ಸಲ ಬಾಗಿ ಸಾವಿರ ಸಲ ನೇರವಾಗುತ್ತದೆ. ಮಿತಿ ದಾಟಿತೋ, ಸದ್ದಿಲ್ಲದೆ ಬಾಗಿದಲ್ಲೇ ಉಳಿಯುತ್ತದೆ. ಮೇಲಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ದಿಟ್ಟಿಸಿದರೆ ಮಾತ್ರ ಸೊಟ್ಟ ಕಾಣುತ್ತದೆ. ಒತ್ತಿ ನೇರ ಮಾಡಲು ನೋಡಬಹುದು. ಹಳೆಯ ಪುಟಿತ ಮಾತ್ರ ಬರುವುದಿಲ್ಲ.

‘ತಾಳಿದವನು ಬಾಳಿಯಾನು’ ಎನ್ನುತ್ತದೆ ನಮ್ಮ ಗಾದೆ. ಗಾದೆಯಲ್ಲಿರುವುದು ‘ತಾಳಿದವನು’, ಅದನ್ನು ಹೇಳಿಸಿಕೊಳ್ಳುವುದು ಮಾತ್ರ ಹೆಚ್ಚಾಗಿ ‘ತಾಳಿದವಳು’. ಬಾಗುವುದು ಗುಣವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಹಲಗೆ ಮಾಡುವವನು ಲೋಹವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಇದು ಎಷ್ಟು ತಾಳುತ್ತದೆಂದು ಮೊದಲೇ ಅಳೆಯುತ್ತಾನೆ, ಅದರ ಮೇಲೆ ಹೊರೆ ಬೀಳದಂತೆ ಪಕ್ಕದ ಪದರಗಳನ್ನು ಜೋಡಿಸುತ್ತಾನೆ. ಸೋತಾಗ ತಗಡನ್ನು ದೂರುವುದಿಲ್ಲ; ತಾನು ಕಟ್ಟಿದ ಬಗೆಯನ್ನೇ ತಿದ್ದುತ್ತಾನೆ. ಅರ್ಧ ಮಿಲಿಮೀಟರ್ ತಗಡಿಗೆ ಸಿಗುವ ಈ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ತಾಳುತ್ತಿರುವವರಿಗೂ ಸಿಗಬೇಡವೇ?